ವ್ಹೀಲ್‌ಚೇರ್ ಆರಿಸುವಾಗ: ಮೊದಲು ಮೈ ಅಳತೆ, ಆಮೇಲೆ ನೆಲ

ಆಸ್ಪತ್ರೆಯ ಓಣಿಯಲ್ಲಿ ನಿಂತಿರುತ್ತಲ್ಲ, ಆ ಮಡಚುವ ಕುರ್ಚಿ ರೋಗಿಯನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ಒಯ್ಯಲಿಕ್ಕೆ ಸಾಕು. ದಿನವಿಡೀ ಕೂರುವವರಿಗೂ ಅದನ್ನೇ ಕೊಟ್ಟು ಕೈತೊಳೆದುಕೊಳ್ಳಬಾರದು.

ಸೀಟಿನ ಅಗಲ ಸೊಂಟದ ಅಗಲದಷ್ಟೇ ಇರಲಿ. 34 ಸೆಂ.ಮೀ. ಸೊಂಟದ ಅಜ್ಜಿಯನ್ನು 45 ಸೆಂ.ಮೀ. ಸೀಟಿನಲ್ಲಿ ಕೂರಿಸಿ ನೋಡಿ. ಮೈ ಒಂದು ಕಡೆ ವಾಲುತ್ತದೆ, ಚಕ್ರ ತಳ್ಳಲು ಕೈ ಅಗಲಿಸಿ ಭುಜ ನೋಯುತ್ತದೆ. ಸೀಟಿನ ಆಳಕ್ಕೆ ಕುಂಡೆಯ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಅಳೆದು 3ರಿಂದ 6 ಸೆಂ.ಮೀ. ಕಳೆಯಿರಿ. ಎರಡೂ ಕಾಲು ಅಳೆಯಿರಿ. ಹೆಚ್ಚುಕಮ್ಮಿ ಬಂದರೆ ಚಿಕ್ಕ ಅಳತೆಯೇ ಲೆಕ್ಕ. ಫುಟ್‌ರೆಸ್ಟ್ (ಪಾದ ಇಡುವ ಹಲಗೆ) ಹೊಂದಿಸುವಾಗ ಕೂರುವ ದಿಂಬು (ಕುಶನ್) ಸೀಟಿನ ಮೇಲಿರಲಿ.

ಬಹಳ ಮುಖ್ಯವಾದದ್ದು ಈ ದಿಂಬೇ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತಲ್ಲಿ ನೋವು ಗೊತ್ತಾಗದೆ ಹುಣ್ಣಾಗುತ್ತದೆ. ಹೇಳಿ, ಒಪ್ಪಿಗೆ ಪಡೆದು, ದಿಂಬಿನ ಮೇಲೆ ಕೂತವರ ಕೂರುವ ಎಲುಬಿನ ಕೆಳಗೆ ಬೆರಳು ತೂರಿಸಿ. ಬೆರಳ ತುದಿ ಅರ್ಧ ಸೆಂ.ಮೀ. ಮೇಲೆ ಕೆಳಗೆ ಆಡಿದರೆ ಸರಿ. ಎಲುಬಿಗೂ ದಿಂಬಿಗೂ ನಡುವೆ ಗಟ್ಟಿಯಾಗಿ ಸಿಕ್ಕಿಬಿದ್ದರೆ ಒತ್ತಡ ಜಾಸ್ತಿ, ಆ ದಿಂಬು ಬೇಡ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬರೀ ರೆಕ್ಸಿನ್ ಮೇಲೆ ಬೆವರಿ ಚರ್ಮ ಇನ್ನೂ ಬೇಗ ಕೆಡುತ್ತದೆ.

ಇನ್ನು ನೆಲ. ಕಲಬುರಗಿ ಮನೆಯೊಳಗೆ ಶಹಾಬಾದ್ ಪರಸಿ ಕಲ್ಲಿನ ನೆಲ, ಕುರ್ಚಿಯ ಸಣ್ಣ ಮುಂದಿನ ಗಾಲಿಯೂ ಸರಾಗ ಉರುಳುತ್ತದೆ. ಹಳ್ಳಿಯಲ್ಲಿ ಮಳೆ ಬಿದ್ದ ಎರೆಮಣ್ಣಿಗೆ ಇಳಿದರೆ ಅದೇ ಗಾಲಿ ಹೂತುಹೋಗುತ್ತದೆ. ಅಲ್ಲಿಗೆ ಮುಂದಿನ ಗಾಲಿ ದೊಡ್ಡದಿರುವ ಉದ್ದನೆಯ ಮೂರು ಚಕ್ರದ ಕುರ್ಚಿ ವಾಸಿ. ಆದರೆ ಇಕ್ಕಟ್ಟಾದ ಪಡಸಾಲೆಯಲ್ಲಿ ಅದು ತಿರುಗುವುದು ಕಷ್ಟ. ಗಾಳಿ ಟೈರ್ ಕುಲುಕಾಟ ಕಡಿಮೆ ಮಾಡುತ್ತದೆ, ಜಾಲಿ ಮುಳ್ಳಿಗೆ ಮಾತ್ರ ಪಂಚರ್ ತಪ್ಪಿದ್ದಲ್ಲ. ಊರಲ್ಲಿ ಸೈಕಲ್ ಅಂಗಡಿ ಇದ್ದರೆ ನನ್ನ ಓಟು ಗಾಳಿ ಟೈರಿಗೇ. ಇಲ್ಲದಿದ್ದರೆ ಸುಮ್ನೆ ಗಟ್ಟಿ ರಬ್ಬರಿನದು ಒಳ್ಳೆಯದು.

ಬಚ್ಚಲಿನ ಬಾಗಿಲು ಅಳೆಯದೆ ಕುರ್ಚಿ ಬರೆದುಕೊಡಬೇಡಿ. 45 ಸೆಂ.ಮೀ. ಸೀಟಿನ ಮಡಚುವ ಕುರ್ಚಿ ಚಕ್ರ ಸೇರಿ 65 ಸೆಂ.ಮೀ. ಆಸುಪಾಸು ಅಗಲ ಬರುತ್ತದೆ. ಹೊಸ್ತಿಲು 5 ಸೆಂ.ಮೀ. ಎತ್ತರ ಇದ್ದರೆ, 1:12 ಇಳಿಜಾರಿನ (ಎತ್ತರದ 12 ಪಟ್ಟು ಉದ್ದ) ಲೆಕ್ಕಕ್ಕೆ 60 ಸೆಂ.ಮೀ. ಉದ್ದದ ರ‍್ಯಾಂಪ್ ಬೇಕು.

ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಎಡಿಪ್ (ADIP) ಯೋಜನೆಯ ಶಿಬಿರದಲ್ಲಿ ಕುರ್ಚಿ ಸಿಗುವವರಿದ್ದರೆ ಈ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಕುರ್ಚಿ ಕೈಗೆ ಬಂದ ದಿನ ಅಲ್ಲೇ ಕೂರಿಸಿ, ಬೆರಳು ಹಾಕಿ ನೋಡಿ, ಬ್ರೇಕ್ ಎಳೆದು ನೋಡಿಯೇ ಗಾಡಿಗೆ ಹಾಕಿಸಿ.