ಎಲ್ಲರೂ ಆಡುವಾಗ ನನ್ನ ಮಗಳು ಗೇಟು ಹಿಡಿದು ನಿಲ್ಲುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನಾವು ಹೊಸ ಮನೆಗೆ ಬಂದು ಎರಡು ತಿಂಗಳಾಯಿತು. ಮಗಳಿಗೆ ಏಳು ವರ್ಷ. ಮೊದಲಿನಿಂದಲೂ ನಾಚಿಕೆ ಸ್ವಭಾವ. ಹಳೇ ಮನೆಯ ಹತ್ತಿರ ಒಬ್ಬಳೇ ಒಬ್ಬಳು ಗೆಳತಿ ಇದ್ದಳು. ಇಲ್ಲಿ ಸಂಜೆಯಾದರೆ ಮಕ್ಕಳೆಲ್ಲ ನಮ್ಮ ಮನೆ ಮುಂದೆಯೇ ಆಡುತ್ತಾರೆ. ಇವಳು ಗೇಟು ಹಿಡಿದು ನಿಂತು ನೋಡುತ್ತಾಳೆ, ಅಷ್ಟೇ. 'ಹೋಗು, ನೀನೂ ಆಡು' ಅಂದರೆ ಒಳಗೆ ಓಡಿ ಬಂದುಬಿಡುತ್ತಾಳೆ. ಮನೆಯೊಳಗೆ ಮಾತ್ರ ಬಾಯಿಗೆ ಬಿಡುವೇ ಇಲ್ಲ. ಇವಳು ಯಾರ ಜೊತೆಗೂ ಬೆರೆಯುವುದೇ ಇಲ್ಲವೇನೋ ಅಂತ ಭಯವಾಗುತ್ತಿದೆ. ನಾವೇನು ಮಾಡಬೇಕು?

ಉತ್ತರ: 'ನಿಂತು ನೋಡುತ್ತಾಳೆ, ಅಷ್ಟೇ' ಎಂದು ಬರೆದಿದ್ದೀರಿ. ಆ 'ಅಷ್ಟೇ' ಅನ್ನುವುದನ್ನು ಮೊದಲು ತೆಗೆದುಬಿಡಿ. ಸಂಕೋಚದ ಮಗುವಿಗೆ ನೋಡುವುದೇ ಆಟಕ್ಕೆ ಸೇರುವ ಮೊದಲ ಹೆಜ್ಜೆ. ನಿಮ್ಮ ಮಗಳು ಆ ಹೆಜ್ಜೆಯನ್ನು ಆಗಲೇ ಇಟ್ಟಿದ್ದಾಳೆ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಮಕ್ಕಳು ಹೇಗೆ ಆಡುತ್ತಾರೆ ಎಂದು ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬುವರು ಶಿಶುವಿಹಾರದ ಮಕ್ಕಳನ್ನು ಗಮನಿಸಿ 1932ರಲ್ಲಿ ಬರೆದರು. ಒಬ್ಬರೇ ಆಡುವುದು, ಪಕ್ಕಪಕ್ಕ ಕೂತು ಅವರವರ ಆಟ ಆಡುವುದು, ಕೂಡಿ ಆಡುವುದು, ಹೀಗೆ ವಿಂಗಡಿಸುವಾಗ 'ನೋಡುತ್ತಾ ನಿಲ್ಲುವುದು' ಎಂಬುದಕ್ಕೂ ಒಂದು ಜಾಗ ಕೊಟ್ಟರು. ಹಾಗೆ ನಿಲ್ಲುವ ಮಗು ಎಲ್ಲೋ ದೂರದಲ್ಲಿ ನಿಲ್ಲುವುದಿಲ್ಲ. ಮಾತು ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ನಿಲ್ಲುತ್ತದೆ. ನಿಮ್ಮ ಗೇಟು ಸರಿಯಾಗಿ ಅಷ್ಟೇ ದೂರದಲ್ಲಿದೆ, ಅಲ್ವಾ? ಅಲ್ಲಿ ನಿಂತು ಅವಳು ಎಷ್ಟೊಂದು ಕಲಿಯುತ್ತಿರುತ್ತಾಳೆ. ಯಾರ ಮಾತು ನಡೆಯುತ್ತದೆ, ಯಾರಿಗೆ ಬೇಗ ಸಿಟ್ಟು ಬರುತ್ತದೆ, ಚಿಕ್ಕವರು ಬಂದರೆ ಯಾರು ಸೇರಿಸಿಕೊಳ್ಳುತ್ತಾರೆ, ಇಲ್ಲಿಯ ಆಟದಲ್ಲಿ ಔಟ್ ಆಗುವುದು ಹೇಗೆ. ಆಗ ಹಿಂದಿನಿಂದ 'ಹೋಗು, ಹೋಗು' ಅಂತ ತಳ್ಳಿದರೆ ಲೆಕ್ಕ ತಪ್ಪುತ್ತದೆ. ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಾರೆ. ಅವಳಿಗೆ ಬೇಡವಾದದ್ದು ಅದೊಂದೇ.

ಇನ್ನು ಈ ಸ್ವಭಾವ ಎಲ್ಲಿಂದ ಬಂತು ಎಂಬ ಮಾತು. ನೀವು ಸರಿಯಾಗಿ ಬೆಳೆಸಲಿಲ್ಲ ಅಂತ ಯಾರಾದರೂ ಅಂದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ದನಿ, ಹೊಸ ವಾಸನೆ ಪರಿಚಯಿಸಿ ನೋಡಿದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ದೊಡ್ಡದಾದ ಮೇಲೆ ಹೊಸಬರ ಮುಂದೆ ಹಿಂಜರಿಯುವವರು ಇಂಥ ಮಕ್ಕಳಲ್ಲೇ ಜಾಸ್ತಿ ಇದ್ದರು. ಅಂದರೆ ಒಂದಷ್ಟು ಪಾಲು ಹುಟ್ಟಿನಿಂದಲೇ ಬರುತ್ತದೆ. ಹಾಗಂತ ಎಲ್ಲರೂ ಅಂಜುಬುರುಕರಾಗಿಯೇ ಉಳಿಯಲಿಲ್ಲ. ಮಗುವನ್ನು ಬೆನ್ನ ಹಿಂದೆ ಬಚ್ಚಿಟ್ಟು ಕಾಪಾಡುವುದೂ ಬೇಡ, ನೀರಿಗೆ ನೂಕುವುದೂ ಬೇಡ. ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಬೇಕು. ಹೇಗೆ ಅಂತ ಕೇಳುತ್ತೀರಿ. ಅದಕ್ಕೂ ಮೊದಲು ಇನ್ನೊಂದು ಮಾತಿದೆ.

ನಿಮ್ಮ ಮಗಳು ಒಬ್ಬ ಗೆಳತಿಯನ್ನು ಕಳೆದುಕೊಂಡಿದ್ದಾಳೆ. ಇದನ್ನು ನಾವು ದೊಡ್ಡವರು ತುಂಬ ಹಗುರವಾಗಿ ತೆಗೆದುಕೊಳ್ಳುತ್ತೇವೆ. 'ಬಿಡು, ಇಲ್ಲೂ ಸಿಗ್ತಾರೆ' ಅಂದುಬಿಡುತ್ತೇವೆ. ಹತ್ತು ಜನ ಗೆಳೆಯರಿದ್ದ ಮಗುವಿಗೆ ಒಬ್ಬರು ದೂರವಾದರೆ ಒಂಬತ್ತು ಜನ ಉಳಿಯುತ್ತಾರೆ. ಇವಳಿಗೆ ಇದ್ದವಳೇ ಒಬ್ಬಳು. 'ಅವಳ ನೆನಪಾಗುತ್ತಾ?' ಅಂತ ಕೇಳಿ, ಹೇಳಿದ್ದನ್ನು ಸುಮ್ನೆ ಕೇಳಿಸಿಕೊಳ್ಳಿ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿಸಿ. ಹಳೇ ಗೆಳೆತನ ಹಿಡಿದುಕೊಂಡರೆ ಹೊಸದು ಆಗುವುದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 'ನನ್ನನ್ನು ಇಷ್ಟಪಡುವವರು ಒಬ್ಬರಿದ್ದಾರೆ' ಎಂಬ ಧೈರ್ಯ ಹೊಸ ಜಾಗದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಈಗ ಗೇಟಿನ ಆಚೆಗೆ ಹೋಗೋಣ. ಸಾಮಾನ್ಯವಾಗಿ ನಾವು ಕೊಡುವ ಬುದ್ಧಿಮಾತು ಒಂದೇ: 'ಹೋಗಿ, ನನ್ನೂ ಸೇರಿಸ್ಕೊಳ್ಳಿ ಅಂತ ಕೇಳು.' ಸ್ವಲ್ಪ ಯೋಚಿಸಿ ನೋಡಿ. ಆಟ ನಿಲ್ಲಿಸಬೇಕು, ಗುಂಪಿನ ಮುಂದೆ ಒಬ್ಬಳೇ ಮಾತಾಡಬೇಕು, ಕೊನೆಗೆ 'ಬೇಡ' ಅನ್ನಿಸಿಕೊಳ್ಳಲೂ ತಯಾರಿರಬೇಕು. ದೊಡ್ಡವರಿಗೂ ಕಷ್ಟ ಇದು. 1980ರ ಆಸುಪಾಸಿನಲ್ಲಿ ಮಕ್ಕಳು ಗುಂಪಿಗೆ ಸೇರುವ ಬಗೆಯನ್ನು ಗಮನಿಸಿದ ಸಂಶೋಧಕರು ಕಂಡದ್ದೇ ಬೇರೆ. ಸಲೀಸಾಗಿ ಸೇರಿಕೊಳ್ಳುವ ಮಕ್ಕಳು ಮೊದಲು ನೋಡುತ್ತಾರೆ. ಆಮೇಲೆ ಪಕ್ಕದಲ್ಲೇ ಅದೇ ಕೆಲಸ ಮಾಡತೊಡಗುತ್ತಾರೆ. ಆಮೇಲೆ ಆಟದ ಬಗ್ಗೆಯೇ ಒಂದು ಮಾತು ಆಡುತ್ತಾರೆ. ಚೆಂಡು ಉರುಳಿ ಬಂದರೆ ಎತ್ತಿ ಕೊಟ್ಟು, 'ಅದು ಗೆರೆ ಒಳಗೇ ಬಿತ್ತು, ನಾನು ನೋಡಿದೆ' ಅಂದರೆ ಸಾಕು. ಅಷ್ಟರಲ್ಲಿ ಅರ್ಧ ಆಟದ ಒಳಗೆ ಬಂದಂತೆ. ಎಡವುವ ಮಕ್ಕಳು ಆಟ ತಡೆದು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ, ಇಲ್ಲವೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಮಗಳಿಗೆ ಹೇಳಿಕೊಡಬೇಕಾದದ್ದು ಅನುಮತಿ ಕೇಳುವುದನ್ನಲ್ಲ, ಹತ್ತಿರ ಹೋಗಿ ಅದೇ ಕೆಲಸದಲ್ಲಿ ಕೈ ಹಾಕುವುದನ್ನು. ಮನೆಯಲ್ಲಿ ಗೊಂಬೆಗಳನ್ನು ಇಟ್ಟುಕೊಂಡು ಆಡಿ ತೋರಿಸಿ. 'ಈ ಗೊಂಬೆ ಈಗಷ್ಟೇ ಬಂದಿದೆ. ಆ ಎರಡು ಗೊಂಬೆಗಳು ಮನೆ ಕಟ್ತಾ ಇವೆ. ಇದು ಏನು ಮಾಡ್ಲಿ?' ಅಂತ ಕೇಳಿದರೆ ಅವಳೇ ಹತ್ತು ದಾರಿ ಹುಡುಕಿ ಕೊಡುತ್ತಾಳೆ.

ನನ್ನ ಮಗನಿಗೆ ಆರು ವರ್ಷವಿದ್ದಾಗ ನಾವೂ ಮನೆ ಬದಲಾಯಿಸಿದ್ದೆವು. ಅವನದ್ದೂ ಇದೇ ಕಥೆ. ಒಂದು ಸಂಜೆ ಅವನ ಕೈಗೆ ಎರಡು ಚಾಕ್‌ಪೀಸು, ಒಂದು ಆಟದ ಕಾರು ಕೊಟ್ಟು ಮನೆ ಮುಂದೆ ಕೂರಿಸಿದೆ. ಅವನು ತಲೆ ತಗ್ಗಿಸಿ ನೆಲದ ಮೇಲೆ ರಸ್ತೆ ಬರೆಯುತ್ತಾ ಹೋದ. ಸೈಕಲ್ ಹೊಡೆಯುತ್ತಿದ್ದ ಒಬ್ಬ ಹುಡುಗ ಗೆರೆಯ ಹತ್ತಿರ ಬಂದು ಕಾಲೂರಿ ನಿಂತ. 'ಇದು ರೋಡಾ?' ಅಂದ. ನನ್ನ ಮಗ ತಲೆ ಎತ್ತದೆ 'ಹೂಂ' ಅಂದ. 'ಮತ್ತೆ ಪೆಟ್ರೋಲ್ ಬಂಕ್ ಎಲ್ಲಿ?' ಇವನು ಮಾತಾಡಲಿಲ್ಲ. ಗೆರೆಯ ಪಕ್ಕ ಒಂದು ಚೌಕ ಬರೆದ. ಸೈಕಲ್ ಆ ಚೌಕದ ಮೇಲೆ ಬಂದು ನಿಂತಿತು, ಪೆಟ್ರೋಲ್ ತುಂಬಿಸಿಕೊಂಡು ಹೋಯಿತು. ಮತ್ತೆ ಬಂತು, ಮತ್ತೆ ತುಂಬಿಸಿಕೊಂಡಿತು. ಕತ್ತಲಾಗುವವರೆಗೆ ಇದೇ ನಡೆಯಿತು. ಆ ಹುಡುಗನ ಹೆಸರೇನು ಅಂತ ನನ್ನ ಮಗನಿಗೆ ಮೂರು ವಾರ ಗೊತ್ತಿರಲಿಲ್ಲ. ಮನೆಯಲ್ಲಿ 'ಸೈಕಲ್ ಹುಡುಗ' ಅಂತಲೇ ಕರೆಯುತ್ತಿದ್ದ.

ಕೈಯಲ್ಲಿ ಒಂದು ಕೆಲಸ ಇದ್ದರೆ ಸಂಕೋಚದ ಮಗುವಿಗೆ ಅಷ್ಟು ಅನುಕೂಲ. ಮುಖ ನೋಡಿ ಮಾತಾಡಬೇಕಾಗಿಲ್ಲ. ಇಬ್ಬರೂ ಒಂದೇ ವಸ್ತುವಿನ ಕಡೆ ನೋಡುತ್ತಿರುತ್ತಾರೆ. ಸೋಪಿನ ನೀರಿನ ಗುಳ್ಳೆ ಆಗಬಹುದು, ಗಿಡಕ್ಕೆ ನೀರು ಹಾಕುವುದು ಆಗಬಹುದು. ಇನ್ನೊಂದು ಮಗುವಿಗೂ ಕೈ ಹಾಕಬೇಕು ಅನ್ನಿಸುವಂಥದ್ದಾದರೆ ಸರಿ. ಮೊಬೈಲ್ ಮಾತ್ರ ಬೇಡ. ಅದರ ಸುತ್ತ ನಾಲ್ಕು ಮಕ್ಕಳು ಸೇರಿದರೂ ಅವರು ನೋಡುವುದು ಪರದೆಯನ್ನು.

ಗುಂಪು ಕಷ್ಟವಾದರೆ ಗುಂಪಿನ ಗೊಡವೆಯೇ ಬೇಡ. ಒಂದೇ ಮಗುವನ್ನು ಮನೆಗೆ ಕರೆಯಿರಿ. ಅದೂ ಒಂದು ಗಂಟೆ ಮಾತ್ರ. ಏನು ಆಡುವುದು ಎಂದು ಮೊದಲೇ ಮಗಳ ಜೊತೆ ಮಾತಾಡಿಕೊಂಡಿರಿ. ಯಾರೂ ಮುಟ್ಟಬಾರದು ಅನ್ನಿಸುವ ಗೊಂಬೆ ಇದ್ದರೆ ಅದನ್ನು ಮುಂಚೆಯೇ ಎತ್ತಿಡಲಿ. ಆಮೇಲೆ ಅದಕ್ಕಾಗಿ ಜಗಳ ಆಗುವುದು ತಪ್ಪುತ್ತದೆ. ಆಟ ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ, 'ಮುಂದಿನ ವಾರ ಮತ್ತೆ ಬಾ' ಅಂತ ಕಳಿಸಿ. ಬಂದ ಮಗು ಒಂದೆರಡು ವರ್ಷ ಚಿಕ್ಕದಾದರೂ ಪರವಾಗಿಲ್ಲ, ಒಳ್ಳೆಯದೇ. 1979ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾರ ಜೊತೆಗೂ ಸೇರದ ಪುಟ್ಟ ಮಕ್ಕಳಿಗೆ ಇನ್ನೊಂದೊಂದು ಮಗುವನ್ನು ಜೊತೆ ಮಾಡಿ ಹತ್ತು ಬಾರಿ ಆಡಲು ಬಿಟ್ಟರು. ತಮಗಿಂತ ಚಿಕ್ಕವರ ಜೊತೆ ಆಡಿದವರು ಎಲ್ಲರಿಗಿಂತ ಜಾಸ್ತಿ ಸುಧಾರಿಸಿದರು. ಚಿಕ್ಕವರ ಮುಂದೆ ಆಟ ಶುರುಮಾಡುವ ಅವಕಾಶ ತಾನಾಗಿಯೇ ಸಿಗುತ್ತದೆ. ನಿಮ್ಮ ಮಗಳಿಗೂ 'ನಾನು ಹೇಳಿದ ಹಾಗೆ ಆಡೋಣ' ಅನ್ನುವ ರುಚಿ ಒಮ್ಮೆ ಸಿಗಲಿ.

ಎರಡು ತಿಂಗಳು ಬಹಳ ಆಯಿತು ಅನ್ನಿಸುತ್ತಿದೆಯಾ? ಅಮೆರಿಕದ ಜೆಫ್ರಿ ಹಾಲ್ ಎಂಬ ಸಂಶೋಧಕರು ಹೊಸ ಊರಿಗೆ ಹೋಗಿ ನೆಲೆಸಿದ ದೊಡ್ಡವರನ್ನು ಕೇಳಿ 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು. ತೀರಾ ಆಪ್ತರಾಗಲು 200 ಗಂಟೆಗೂ ಜಾಸ್ತಿ. ಮಕ್ಕಳಿಗೆ ಇದೇ ಲೆಕ್ಕ ಹಚ್ಚಲಾಗದು. ಆದರೂ ಗೆಳೆತನಕ್ಕೆ ಗಂಟೆಗಳು ಬೇಕು ಅನ್ನುವುದು ಮಕ್ಕಳಿಗೂ ಅಷ್ಟೇ ನಿಜ. ಹಾಗಾಗಿ ಪ್ರತಿದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ. ಅದೇ ಮುಖಗಳು ಮತ್ತೆ ಮತ್ತೆ ಕಾಣಲಿ. ಮಕ್ಕಳು ಆಟಕ್ಕೆ ಬರುವ ಮೊದಲೇ ಹೋದರೆ ಇನ್ನೂ ಸುಲಭ. ತುಂಬಿದ ಗುಂಪಿಗೆ ನುಗ್ಗುವುದಕ್ಕಿಂತ, ತಾನು ಇರುವ ಕಡೆಗೆ ಒಬ್ಬೊಬ್ಬರೇ ಬರುವುದು ಅವಳಿಗೆ ಹಗುರ.

ನಿಮ್ಮಿಂದ ಆಗಬೇಕಾದ ಒಂದು ಕೆಲಸ ಇದೆ. ಇದರ ಬಗ್ಗೆ ನನಗೆ ತುಂಬ ಕಾಳಜಿ. ಮೆಟ್ಟಿಲ ಹತ್ತಿರ ಯಾರೋ ಸಿಗುತ್ತಾರೆ. 'ಏನು ಪುಟ್ಟಿ ನಿನ್ನ ಹೆಸರು?' ಅನ್ನುತ್ತಾರೆ. ಮಗಳು ನಿಮ್ಮ ಬಟ್ಟೆ ಹಿಡಿದು ಹಿಂದೆ ಸರಿಯುತ್ತಾಳೆ. ನೀವು ಹೆಸರು ಹೇಳಿ, ಜೊತೆಗೆ 'ಇವಳಿಗೆ ಸ್ವಲ್ಪ ನಾಚಿಕೆ ಜಾಸ್ತಿ' ಅಂತ ಸೇರಿಸುತ್ತೀರಿ. ಪ್ರೀತಿಯಿಂದಲೇ ಹೇಳುತ್ತೀರಿ. ನಾನೂ ನೂರು ಸಲ ಹೇಳಿದ್ದೇನೆ. ಆದರೆ ಮಗುವಿಗೆ ಕೇಳಿಸುವುದು 'ನೀನು ಮಾತಾಡುವವಳಲ್ಲ, ನಿನ್ನ ಬದಲು ನಾನು ಮಾತಾಡುತ್ತೇನೆ' ಎಂದು. ಮುಂದಿನ ಸಲ ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿ. ಆ ಐದು ಎಣಿಕೆ ತುಂಬ ಉದ್ದ ಅನ್ನಿಸುತ್ತದೆ. ತಡೆದುಕೊಳ್ಳಿ. ಉತ್ತರ ಬರದಿದ್ದರೆ 'ಆಮೇಲೆ ಹೇಳ್ತಾಳೆ' ಅಂದು ಮುಂದೆ ನಡೆಯಿರಿ. ಕೈ ಬೀಸಿದರೆ, ತಲೆ ಆಡಿಸಿದರೆ ಅದೂ ಉತ್ತರವೇ. ಮನೆಗೆ ಬಂದು ಬೈಯಬೇಡಿ. 'ಪಕ್ಕದ ಮನೆಯವಳನ್ನು ನೋಡು, ಹೇಗೆ ಮಾತಾಡ್ತಾಳೆ' ಎಂಬ ಹೋಲಿಕೆಯಂತೂ ಬೇಡವೇ ಬೇಡ.

ಎಷ್ಟು ಜನ ಗೆಳೆಯರಿದ್ದರೆ ಸರಿ ಎಂಬ ಚಿಂತೆಯೂ ನಿಮಗಿರಬಹುದು. ಒಬ್ಬಳು ಸಾಕು. ನಿಮ್ಮ ಮಗಳಿಗೆ ಒಬ್ಬರ ಜೊತೆ ಗಾಢವಾಗಿ ಬೆರೆಯುವುದು ಗೊತ್ತಿದೆ, ಹಳೇ ಮನೆಯ ಹತ್ತಿರ ಅದನ್ನು ಮಾಡಿ ತೋರಿಸಿದ್ದಾಳೆ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು ಎಂದೂ ಹೇಳಿಬಿಡುತ್ತೇನೆ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಂಥ ಕಡೆ, ಮಾತಾಡಲೇಬೇಕಾದಾಗಲೂ ತುಟಿ ಬಿಚ್ಚದೆ ತಿಂಗಳು ದಾಟಿದರೆ ಅದು 'ಸೆಲೆಕ್ಟಿವ್ ಮ್ಯೂಟಿಸಂ' ಎಂಬ ತೊಂದರೆ ಇರಬಹುದು. ಹೊಸ ಶಾಲೆಯ ಮೊದಲ ತಿಂಗಳನ್ನು ಇದಕ್ಕೆ ಲೆಕ್ಕ ಹಿಡಿಯುವುದಿಲ್ಲ. ಇದು ಮೊಂಡುತನ ಅಲ್ಲ, ಆತಂಕದ ಒಂದು ಬಗೆ. ಚಿಕಿತ್ಸೆ ಇದೆ. ಹಾಗಾಗಿ ಶಾಲೆಯಲ್ಲಿ ಮಾತಾಡುತ್ತಾಳಾ ಎಂದು ಟೀಚರ್ ಹತ್ತಿರ ಒಮ್ಮೆ ಕೇಳಿ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಬೆಳಗಾದರೆ ಹೊಟ್ಟೆನೋವು ಅಂತ ಅಳುವುದು ನಿಲ್ಲದಿದ್ದರೆ, ಮೊದಲು ಇಷ್ಟವಿದ್ದ ಆಟವೂ ಬೇಡವಾದರೆ ಆಗಲೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ನೀವು ಬರೆದಿರುವುದರಲ್ಲಿ ಇವು ಯಾವುವೂ ಇಲ್ಲ.

ಇವತ್ತು ಸಂಜೆ ಅವಳು ಗೇಟಿನ ಹತ್ತಿರ ನಿಂತಾಗ ನೀವೂ ಪಕ್ಕದಲ್ಲಿ ಹೋಗಿ ನಿಲ್ಲಿ. 'ಹೋಗು' ಅನ್ನಬೇಡಿ. ಆಟ ನೋಡುತ್ತಾ, 'ಆ ಹುಡುಗಿ ಯಾಕೆ ಔಟ್ ಆದಳು? ನನಗೆ ಗೊತ್ತಾಗಲಿಲ್ಲ' ಅಂತ ಕೇಳಿ. ನಿಜವಾಗಿ ಗೊತ್ತಾಗಿರುವುದಿಲ್ಲ ನಿಮಗೆ. ಅವಳು ವಿವರಿಸುತ್ತಾ ಹೋಗುತ್ತಾಳೆ, ಒಬ್ಬೊಬ್ಬರ ಹೆಸರೂ ಹೇಳುತ್ತಾಳೆ. ಗಮನವಿಟ್ಟು ಕೇಳಿಸಿಕೊಳ್ಳಿ. ಯಾವ ಹೆಸರು ಎರಡನೇ ಸಲ, ಮೂರನೇ ಸಲ ಬರುತ್ತದೋ, ಮನೆಗೆ ಕರೆಯಬೇಕಾದ ಮಗು ಅದೇ.