ಚೆಕ್‌ಪೋಸ್ಟ್ ಕಳಚಿದ ಮೇಲೆ: ಕೇರಳದ ಬೊಕ್ಕಸ, ಗಡಿನಾಡಿನ ತೆರಿಗೆ

ಕೇರಳ-ಕರ್ನಾಟಕ ಗಡಿಯ ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಹೆದ್ದಾರಿಯುದ್ದಕ್ಕೂ ನಿಲ್ಲುತ್ತಿದ್ದ ಲಾರಿಗಳ ಸಾಲು ಕಾಸರಗೋಡಿನವರ ನೆನಪಿನಿಂದ ಇನ್ನೂ ಮಾಸಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಆ ಸಾಲು ಕರಗಿತು. ಬಹುಪಾಲು ಸರಕುಗಳ ಮೇಲಿನ ತೆರಿಗೆ ದರವನ್ನು ರಾಜ್ಯ ತಾನೇ ನಿಶ್ಚಯಿಸುವ ಅಧಿಕಾರವೂ ಅದರೊಂದಿಗೇ ಹೋಯಿತು.

ಈ ನೆಲದಲ್ಲಿ ಮಾರಾಟ ತೆರಿಗೆಯ ಚರಿತ್ರೆ ಕೇರಳ ರಾಜ್ಯಕ್ಕಿಂತ ಹಳೆಯದು. ಕಾಸರಗೋಡು ತಾಲೂಕು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ರಾಜಗೋಪಾಲಾಚಾರಿಯವರ ಸರ್ಕಾರ ಸೇಲಂ ಜಿಲ್ಲೆಯಿಂದ ಪಾನನಿರೋಧವನ್ನು ಆರಂಭಿಸಿತು. ಅದರಿಂದ ಖೋತಾ ಆದ ಅಬಕಾರಿ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ದೇಶದಲ್ಲಿ ಅದೇ ಮೊದಲನೆಯದು. ಒಂದು ಆದಾಯವನ್ನು ಬಿಟ್ಟರೆ ಇನ್ನೊಂದನ್ನು ಹುಡುಕಿಕೊಳ್ಳಬೇಕೆಂಬ ಆ ಎಚ್ಚರವನ್ನು ನಂತರದ ಸರ್ಕಾರಗಳು ಯಾವಾಗಲೂ ತೋರಲಿಲ್ಲ.

1956ರಲ್ಲಿ ತಾಲೂಕು ಕೇರಳಕ್ಕೆ ಸೇರಿತು. 1963ರಲ್ಲಿ ಆ ರಾಜ್ಯದ ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ ಬಂದಿತು. ತಾನು ಉಣ್ಣುವ, ಉಡುವ ವಸ್ತುಗಳಲ್ಲಿ ಹೆಚ್ಚಿನವನ್ನು ಹೊರಗಿನಿಂದ ತರಿಸಿಕೊಳ್ಳುವ, ಕೊಲ್ಲಿ ದೇಶಗಳ ದುಡಿಮೆಯ ಹಣದಿಂದ ಅಂಗಡಿಗಳು ತುಂಬಿರುವ ರಾಜ್ಯಕ್ಕೆ ಕೊಳ್ಳುವವನಿಂದ ಬರುವ ತೆರಿಗೆಯೇ ಆಧಾರವಾದದ್ದು ಸಹಜ. ಆದರೆ ಸಂಬಳ, ಪಿಂಚಣಿ ಮತ್ತು ಬಡ್ಡಿಯ ಖರ್ಚು ವರ್ಷವರ್ಷವೂ ಏರುತ್ತಿತ್ತು, ವರಮಾನ ಮಾತ್ರ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟುಬಿದ್ದಿತ್ತು. ಈ ಶತಮಾನದ ಆರಂಭದಲ್ಲಿ ಖಜಾನೆ ಬರಿದಾಗಿ, ಸರ್ಕಾರ ನೌಕರರ ಸೌಲಭ್ಯಗಳನ್ನು ಕಡಿತಗೊಳಿಸಿದಾಗ, 2002ರಲ್ಲಿ ಅವರು 32 ದಿನಗಳ ಮುಷ್ಕರ ಹೂಡಿದರು. ಮರುವರ್ಷ ಸರ್ಕಾರದ ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯಿದೆ, 2005ರಲ್ಲಿ ಮೌಲ್ಯವರ್ಧಿತ ತೆರಿಗೆ (ವ್ಯಾಟ್) ಬಂದವು.

ಸರಕು ಬಳಕೆಯಾಗುವ ರಾಜ್ಯಕ್ಕೇ ತೆರಿಗೆ ಸೇರಬೇಕೆಂಬುದು ಜಿಎಸ್‌ಟಿಯ ಮೂಲತತ್ತ್ವ. ಕೇರಳ ಅದರಿಂದ ಲಾಭವನ್ನೇ ನಿರೀಕ್ಷಿಸಿತ್ತು. 2015-16ರ ವರಮಾನವನ್ನು ಆಧಾರವಾಗಿಟ್ಟು ವಾರ್ಷಿಕ ಶೇ. 14ರ ಬೆಳವಣಿಗೆಗೆ ಕಡಿಮೆ ಬಿದ್ದುದನ್ನು ಕೇಂದ್ರ ತುಂಬಿಕೊಡುವ ಭರವಸೆ 2022ರ ಜೂನ್‌ವರೆಗೆ ಇತ್ತು. ಈ ಭರವಸೆ ಆಸರೆಯಾದಷ್ಟೇ ಮರೆಯೂ ಆಯಿತೆಂಬುದು ನನ್ನ ಅಭಿಪ್ರಾಯ. ವಸೂಲಿಯ ಲೋಪಗಳು ಪರಿಹಾರದ ಹಣದಡಿ ಮುಚ್ಚಿಹೋದವು. ಇತ್ತ ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕೇರಳದ ಪಾಲು ಹತ್ತನೆಯ ಹಣಕಾಸು ಆಯೋಗದ ಕಾಲದ ಶೇ. 3.875ರಿಂದ ಹದಿನೈದನೆಯದರಲ್ಲಿ ಶೇ. 1.925ಕ್ಕೆ ಇಳಿಯಿತು. ಜನಸಂಖ್ಯೆಯನ್ನು ಹತೋಟಿಗೆ ತಂದು, ತಲಾ ಆದಾಯವನ್ನು ಹೆಚ್ಚಿಸಿಕೊಂಡ ರಾಜ್ಯ, ಹೆಚ್ಚು ಜನಸಂಖ್ಯೆ ಮತ್ತು ಕಡಿಮೆ ತಲಾ ಆದಾಯಕ್ಕೆ ಹೆಚ್ಚು ಪಾಲು ಕೊಡುವ ಆಯೋಗದ ಹಂಚಿಕೆ ಸೂತ್ರದಲ್ಲಿ ಹಿಂದೆ ಬಿದ್ದಿತು.

ಮೂಲಸೌಕರ್ಯಕ್ಕೆ ಹಣ ಹೊಂದಿಸುವ ಕೇರಳದ ಕಿಫ್‌ಬಿಯಂಥ ಸಂಸ್ಥೆಗಳ ಮೂಲಕ ಎತ್ತಿದ ಸಾಲವನ್ನೂ ಕೇಂದ್ರ ರಾಜ್ಯದ ಸಾಲದ ಮಿತಿಯೊಳಗೇ ಎಣಿಸಿದ್ದರಿಂದ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯಗಳು ಸಾಲ ಎತ್ತುವ ಅಧಿಕಾರದ ಕುರಿತಾದ ಸಂವಿಧಾನದ 293ನೇ ವಿಧಿಯ ಪ್ರಶ್ನೆಯನ್ನು ಕೋರ್ಟು 2024ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ರಾಜ್ಯದ ಕೈಯಲ್ಲಿ ಇನ್ನೂ ಉಳಿದಿರುವ ಮುಖ್ಯ ಮೂಲಗಳು ಇಂಧನ, ಮದ್ಯ, ವಾಹನ, ನೋಂದಣಿ ಮತ್ತು ಭೂಮಿ. ಇಂಧನದ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದಕ್ಕೆ ಗಡಿಯೇ ಮಿತಿ ಹಾಕುತ್ತದೆ. 2023ರ ಏಪ್ರಿಲ್‌ನಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ ಹೇರಿದ ಮೇಲೆ, ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋಗುವ ಮಂಜೇಶ್ವರದವನಿಗೆ ಟ್ಯಾಂಕನ್ನು ಆಚೆಯ ಬಂಕಿನಲ್ಲೇ ತುಂಬಿಸಿಕೊಳ್ಳಲು ಇನ್ನೊಂದು ಕಾರಣ ಸಿಕ್ಕಿತು. ಹಾಗೆ ಗಡಿ ದಾಟಿ ತಪ್ಪಿಸಿಕೊಳ್ಳಲಾಗದ ತೆರಿಗೆಯೆಂದರೆ ವಿಲೇಜ್ ಆಫೀಸಿನಲ್ಲಿ ಕಟ್ಟುವ ತೀರ್ವೆ, ಅಂದರೆ ಭೂಕಂದಾಯ. ಅದನ್ನು ಸರ್ಕಾರ 2025-26ರ ಬಜೆಟ್ಟಿನಲ್ಲಿ ಒಮ್ಮೆಗೇ ಅರ್ಧದಷ್ಟು ಏರಿಸಿತು. ಎಲೆಚುಕ್ಕೆ ರೋಗದಿಂದ ಅಡಿಕೆ ಫಸಲು ಕಳೆದುಕೊಂಡ ಕೃಷಿಕನೂ, ಹೆದ್ದಾರಿ ಬದಿಯ ನಿವೇಶನ ಹಿಡಿದು ಬೆಲೆ ಏರುವುದನ್ನು ಕಾಯುತ್ತಿರುವವನೂ ಒಂದೇ ಪ್ರಮಾಣದ ಈ ಏರಿಕೆಯನ್ನು ಹೊರಬೇಕಾಗಿದೆ.