ಸೂಪಾಕ್ಕೆ ಬರೆದ ಕಾಗದ

ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಪೇಟೆಯಿತ್ತು. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಅದು ಹಿನ್ನೀರಿನಲ್ಲಿ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆಯಾದವು. ಸೂಪಾದ ವಿಳಾಸ ಬರೆದ ಕಾಗದವೊಂದು ಅಂಚೆಯವರ ಕೈಗೆ ಬಂತು ಎಂದುಕೊಳ್ಳಿ. ತಹಶೀಲ್ದಾರರಿಗೆ ಬರೆದದ್ದಾದರೆ ಜೋಯಿಡಾಕ್ಕೆ ಹೋಗಬೇಕು, ಊರು ಬಿಟ್ಟುಹೋದ ಮನೆಯವರಿಗಾದರೆ ರಾಮನಗರಕ್ಕೆ. ಹಳೆಯ ಊರು ಒಂದೇ, ಹೊಸ ವಿಳಾಸಗಳು ಹಲವು.

ಜಾಲತಾಣದ ವಿಳಾಸಗಳನ್ನು ಬದಲಿಸಲು ಕುಳಿತಾಗಲೆಲ್ಲ ನನಗೆ ಸೂಪಾ ನೆನಪಾಗುತ್ತದೆ. ಶಿರಸಿಯ ಅಡಿಕೆ ಬೆಳೆಗಾರರ ಸಂಘವೊಂದರ ತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಹಳೆಯ ತಾಣದಲ್ಲಿ ಪ್ರತಿ ಪುಟಕ್ಕೂ ಬರೀ ಸಂಖ್ಯೆಯಿತ್ತು. ಹೊಸದರಲ್ಲಿ ಅಡಿಕೆಯ ಬಗೆಗಳ ಹೆಸರು ಕೊಟ್ಟೆವು: ಚಾಲಿ, ರಾಶಿ, ಬೆಟ್ಟೆ, ಕೋಕ. ಹಳೆಯ ವಿಳಾಸಗಳನ್ನು ನಾನು ಒಟ್ಟಾಗಿ ಮುಖಪುಟಕ್ಕೆ ತಿರುಗಿಸಿಬಿಟ್ಟೆ. ಮರುದಿನ ಬೆಳಿಗ್ಗೆಯೇ ಹಿರಿಯ ಬೆಳೆಗಾರರೊಬ್ಬರ ಫೋನ್ ಬಂತು. “ತಮ್ಮಾ, ಚಾಲಿ ಧಾರಣೆ ಎಲ್ಲಿ ಹೋಯಿತು? ಒತ್ತಿದರೆ ಸಂಘದ ಕಟ್ಟಡದ ಚಿತ್ರ ಬರುತ್ತದೆ.” ಅವರು ವರ್ಷಗಳಿಂದ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಕೊಂಡಿ ಅದು. ರಾಮನಗರದ ಮನೆಗೆ ಹೋಗಬೇಕಾದ ಕಾಗದವನ್ನು ನಾನು ಜೋಯಿಡಾದ ಕಚೇರಿ ಬಾಗಿಲಲ್ಲಿ ಹಾಕಿ ಬಂದಿದ್ದೆ. ಹೀಗೆ ಎಲ್ಲವನ್ನೂ ಮುಖಪುಟಕ್ಕೆ ತಳ್ಳಿದರೆ ಗೂಗಲ್ ಕೂಡ ಅದನ್ನು ಸ್ಥಳಾಂತರವೆಂದು ಒಪ್ಪದೆ, ಪುಟ ಇಲ್ಲವಾಗಿದೆ ಎಂದೇ ಎಣಿಸಬಹುದು.

ತಿರುಗಿಸುವುದು ಎಂದರೆ ಒಳಗೆ ನಡೆಯುವುದೇನು? ಬ್ರೌಸರ್ ಒಂದು ವಿಳಾಸ ಕೇಳುತ್ತದೆ, ಸರ್ವರ್, ಅಂದರೆ ತಾಣವನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಮೊದಲು ಮೂರಂಕಿಯ ಉತ್ತರ ಕೊಡುತ್ತದೆ. 200 ಎಂದರೆ ಪುಟ ಇದೆ, ತೆಗೆದುಕೋ. 404 ಎಂದರೆ ಸಿಗಲಿಲ್ಲ. 301 ಬಂದರೆ ಅದರ ಜೊತೆ ‘ಲೊಕೇಶನ್’ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಹೊಸ ವಿಳಾಸ ಇರುವುದು ಅಲ್ಲಿ. ಬ್ರೌಸರ್ ಅದನ್ನು ಓದಿಕೊಂಡು ಮತ್ತೆ ಹೊರಡುತ್ತದೆ. ಓದುಗನಿಗೆ ಇದ್ಯಾವುದೂ ಕಾಣುವುದಿಲ್ಲ.

301 ಶಾಶ್ವತ, 302 ತಾತ್ಕಾಲಿಕ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಶಿರಸಿಯಿಂದ ಕುಮಟಾಕ್ಕೆ ಹೋಗುವ ವಾಹನಗಳನ್ನು ಬೇರೆ ದಾರಿಗೆ ಕಳಿಸುತ್ತಾರೆ. ಅದಕ್ಕಾಗಿ ಯಾರೂ ನಕಾಶೆ ತಿದ್ದುವುದಿಲ್ಲ. 302 ಅಂಥದ್ದು. 301 ಎಂದರೆ ನಕಾಶೆಯನ್ನೇ ತಿದ್ದಿಕೊಳ್ಳಿ ಎಂದ ಹಾಗೆ. ಹುಡುಕು ಯಂತ್ರಗಳು ಹಳೆಯ ಪುಟ ಗಳಿಸಿದ್ದ ಮನ್ನಣೆಯನ್ನು ಹೊಸದಕ್ಕೆ ದಾಟಿಸುತ್ತವೆ, ಬ್ರೌಸರ್‌ಗಳು ಆ ಉತ್ತರವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಹಳೆಯ ಬಾಗಿಲು ತಟ್ಟದೆಯೇ ಹೋಗುತ್ತವೆ. ಆದ್ದರಿಂದ ತಪ್ಪು ವಿಳಾಸಕ್ಕೆ 301 ಕೊಟ್ಟರೆ ಆಮೇಲೆ ಸರ್ವರಿನಲ್ಲಿ ತಿದ್ದಿದರೂ ಕೆಲವರ ಮೊಬೈಲಿನಲ್ಲಿ ತಪ್ಪು ಬಹುಕಾಲ ಉಳಿಯುತ್ತದೆ. ನಾನು ಮೊದಲು 302 ಹಾಕಿ, ಒಂದೊಂದನ್ನೂ ತೆರೆದು ನೋಡಿದ ಮೇಲೆ 301 ಮಾಡುತ್ತೇನೆ. ಅರ್ಜಿ ತುಂಬಿ ಕಳಿಸುವ ಪುಟಗಳಿಗಾದರೆ ತಾತ್ಕಾಲಿಕಕ್ಕೆ 307, ಶಾಶ್ವತಕ್ಕೆ 308 ಇವೆ. 301, 302 ಎಂಬ ಹಳೆಯ ಎರಡು ಸಂಖ್ಯೆಗಳಲ್ಲಿ, ತುಂಬಿದ ವಿವರಗಳು ದಾರಿಯಲ್ಲೇ ಬಿದ್ದುಹೋಗುವ ಸಂಭವವಿದೆ.

ಆ ಫೋನಿನ ನಂತರ ಹಳೆಯ ವಿಳಾಸಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಎದುರಿಗೆ ಹೊಸದನ್ನು ಬರೆಯುತ್ತ ಹೋದೆ. ಅದರಲ್ಲಿ ಕನ್ನಡ ಹೆಸರುಗಳ ಪುಟಗಳೇ ಹೆಚ್ಚು ಕಾಡಿದವು. ‘ಶಿರಸಿ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಅದು ಐದು ಸಂಕೇತ: ಮೂರು ವ್ಯಂಜನ, ಎರಡು ಗುಣಿತದ ಗುರುತು. ಒಂದೊಂದಕ್ಕೂ ಮೂರು ಬೈಟ್. ಜಾಲವಿಳಾಸವಾಗಿ ಸಾಗುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. ಮೂರಕ್ಷರದ ಊರು 45 ಚಿಹ್ನೆಗಳ ಸರಮಾಲೆಯಾಗುತ್ತದೆ. ವಾಟ್ಸ್ಆಪ್‌ನಲ್ಲಿ ಅದನ್ನು ಕತ್ತರಿಸಿ ಅಂಟಿಸುವಾಗ ಬಾಲ ತುಂಡಾದರೆ ಪುಟ ಸಿಗುವುದಿಲ್ಲ.

‘ಕೋಕ’ದ ತೊಂದರೆ ಇನ್ನೂ ಸೂಕ್ಷ್ಮ. ಅಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಸರ್ವರಿಗೆ ಅವು ಬೇರೆ ಬೇರೆ ವಿಳಾಸಗಳು. ಪಟ್ಟಿಯಲ್ಲಿ ಸರಿಯಾಗಿಯೇ ಬರೆದಿದ್ದರೂ ಒಂದು ಪುಟ ಏಕೆ ತೆರೆಯುತ್ತಿಲ್ಲ ಎಂದು ಅರ್ಧ ದಿನ ಹುಡುಕಿದ ಮೇಲೆ ಇದು ಗೊತ್ತಾಯಿತು. ಹೋಲಿಸುವ ಮೊದಲು ಎರಡೂ ಕಡೆಯ ಬರಹವನ್ನು ಒಂದೇ ರೂಪಕ್ಕೆ ತರುವುದೇ ದಾರಿ.

ತಾಣ ಎರಡು ಮೂರು ಸಲ ಬದಲಾಗಿದ್ದರೆ ಹಳೆಯದರಿಂದ ನಡುವಿನದಕ್ಕೆ, ಅಲ್ಲಿಂದ ಹೊಸದಕ್ಕೆ ಎಂದು ಸರಪಳಿ ಬೆಳೆಯುತ್ತದೆ. ಗೂಗಲ್‌ನ ಯಂತ್ರ ಸಾಮಾನ್ಯವಾಗಿ ಹತ್ತು ಜಿಗಿತದವರೆಗೆ ಹಿಂಬಾಲಿಸುತ್ತದೆ. ಆದರೆ ನಮ್ಮ ಘಟ್ಟದ ಮನೆಗಳಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಅಲ್ಲಿ ಕುಳಿತವರಿಗೆ ಪ್ರತಿ ಜಿಗಿತವೂ ಮತ್ತೊಂದು ಕಾಯುವಿಕೆ. ಎಲ್ಲ ಹಳೆಯ ವಿಳಾಸಗಳನ್ನೂ ನೇರವಾಗಿ ಕೊನೆಯ ಪುಟಕ್ಕೇ ಜೋಡಿಸಬೇಕು. ಬದಲಿ ಪುಟವೇ ಇಲ್ಲದಿದ್ದರೆ, ತೆಗೆದುಹಾಕಿದ್ದೇವೆ ಎಂದು 410 ಹೇಳುವುದು ಪ್ರಾಮಾಣಿಕ.

ಈ ತಿರುವುಗಳನ್ನು ಕನಿಷ್ಠ ಒಂದು ವರ್ಷ ಉಳಿಸಿ ಎನ್ನುತ್ತದೆ ಗೂಗಲ್. ಅದು ಹುಡುಕು ಯಂತ್ರದ ಲೆಕ್ಕ. ಸಂಘದ ಹಳೆಯ ಕರಪತ್ರದಲ್ಲಿ ಅಚ್ಚಾದ ಕ್ಯೂಆರ್ ಸಂಕೇತ ಈಗಲೂ ಯಾರದೋ ಗೋಡೆಯ ಮೇಲಿದೆ. ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ, ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಎಂದು 1998ರಲ್ಲೇ ವಾದಿಸಿದ್ದರು. ಬದಲಿಸಿದ ಮೇಲೆ ನನಗೆ ಉಳಿದದ್ದು ಪಟ್ಟಿಯನ್ನು ಕಾಯುವ ಕೆಲಸ. ಸರ್ವರಿನ ದಾಖಲೆಯನ್ನು ಕಳೆದ ವಾರ ತೆರೆದು ನೋಡಿದೆ. ಬೆಳಿಗ್ಗೆ ಆರೂವರೆಗೆ ಯಾರೋ ಚಾಲಿಯ ಹಳೆಯ ವಿಳಾಸ ಒತ್ತಿದ್ದಾರೆ. ಒಂದು ಸಾಲು 301, ಅದರ ಕೆಳಗಿನ ಸಾಲು 200.